ಕಾಯಿಲೆಗೆ ಹೆಸರು ಸಿಕ್ಕಿದ ಮೇಲೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದವರು ನಲವತ್ತರ ಆಸುಪಾಸಿನ ಮಹಿಳೆ. ಕೂತವರೇ ಹೇಳಿದ ಮೊದಲ ಮಾತು, "ನಾನು ಸುಳ್ಳು ಹೇಳ್ತಿರ್ಲಿಲ್ಲ ಮೇಡಂ."

ಚಿಕ್ಕಂದಿನಿಂದಲೂ ಅವರಿಗೆ ಅಂಗೈ, ಅಂಗಾಲು ಉರಿ. ಜ್ವರ ಬಂದರೆ, ಬಿಸಿಲಲ್ಲಿ ಆಡಿದರೆ ಇನ್ನೂ ಜಾಸ್ತಿ. ಮೈ ಬೆವರುವುದೇ ಅಪರೂಪ. ಶಾಲೆಯಲ್ಲಿ ನೆಪ ಅಂದರು, ಆಮೇಲೆ ವಾತ ಅಂದರು, ಟೆನ್ಷನ್ ಅಂದರು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ ಗೊತ್ತಾದ ಮೇಲೆ ಬಯಾಪ್ಸಿ, ಜೀನ್ ಪರೀಕ್ಷೆ ಆಯಿತು. ಫ್ಯಾಬ್ರಿ ಕಾಯಿಲೆ.

1898ರಲ್ಲೇ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಗುರುತಿಸಿದ್ದ ಕಾಯಿಲೆ ಇದು. ಒಂದು ಕಿಣ್ವ ಸಾಲದೆ, ಕರಗಬೇಕಾದ ಕೊಬ್ಬು ಜೀವಕೋಶಗಳಲ್ಲೇ ಸೇರಿಕೊಳ್ಳುತ್ತದೆ. ನರ, ಕಿಡ್ನಿ, ಹೃದಯ ಎಲ್ಲಕ್ಕೂ ಪೆಟ್ಟು. ಹೆಂಗಸರು ಬರೀ ವಾಹಕರು, ಅವರಿಗೇನೂ ಆಗಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. ಹೆಂಗಸರಲ್ಲಿ ಕಿಣ್ವದ ರಕ್ತಪರೀಕ್ಷೆ ನಾರ್ಮಲ್ ಬರಬಹುದು. ಇವರದ್ದೂ ಒಮ್ಮೆ ಹಾಗೇ ಬಂದಿತ್ತು.

"ಸದ್ಯ ಗೊತ್ತಾಯ್ತಲ್ಲ, ನೆಮ್ಮದಿಯಾಗಿರು" ಅಂತಾರಂತೆ ಮನೆಯವರು. ಆ ಮಾತು ಕೇಳಿದರೇ ಇವರಿಗೆ ಸಿಟ್ಟು. ಸಿಟ್ಟು ಬರದೇ ಇರುತ್ತಾ? ಕಳೆದುಹೋದ ವರ್ಷಗಳಿಗೆ ಅಳುವುದಕ್ಕೂ ಸಮಯ ಬೇಕು. ಕ್ಷಮಿಸಲು ಅವಸರ ಬೇಡ ಎಂದೆ. ಅಮ್ಮನನ್ನು ಕ್ಷಮಿಸಲೂ ಅವಸರ ಬೇಡ.

ಮಾತಾಡುತ್ತಲೇ ಅವರು ಚಪ್ಪಲಿ ಕಳಚಿ, ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಂಡಿದ್ದರು. ಉರೀತಿದೆಯಾ ಎಂದೆ. "ಇಲ್ಲ ಇಲ್ಲ, ಪರವಾಗಿಲ್ಲ" ಎಂದು ಪಾದ ಹಿಂದಕ್ಕೆಳೆದುಕೊಂಡರು. ನನ್ನನ್ನು ಕಾಡಿದ್ದು ಇದೇ. ಯಾರೂ ನಂಬದೇ ಇದ್ದಾಗ ನೋವು ಮುಚ್ಚಿಡುವುದು ಅಭ್ಯಾಸವಾಗುತ್ತದೆ. ಈಗಲೂ ಡಾಕ್ಟರ ಮುಂದೆ "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಾರೆ. ಚಿಕಿತ್ಸೆಯ ತೀರ್ಮಾನಕ್ಕೆ ಇವರ ಮಾತೂ ಬೇಕು. ಹಾಗಾಗಿ ಒಂದು ನೋಟ್‌ಬುಕ್ ಇಡಲು ಹೇಳಿದೆ. ಉರಿ ಯಾವಾಗ ಬಂತು, ಹತ್ತಕ್ಕೆ ಎಷ್ಟು, ಎದೆ ಹೊಡೆದುಕೊಂಡಿತಾ, ಕಿವಿ ಮಂದವಾಗಿದೆಯಾ. ಅದನ್ನೇ ಡಾಕ್ಟರ ಮುಂದೆ ಓದಬೇಕು, ನೆನಪಿನಿಂದ ಹೇಳಬಾರದು.

ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕಿಣ್ವ ಕೊಡುತ್ತಾರೆ. ಕೆಲವು ಬಗೆಯ ಜೀನ್ ದೋಷಕ್ಕೆ ಮಾತ್ರ ಕ್ಯಾಪ್ಸೂಲ್ ಇದೆ, ತಮ್ಮದು ಆ ಬಗೆಯದಾ ಎಂದು ಕೇಳಿ ಎಂದೆ. ಕಿಡ್ನಿಗೆ ಆಗಲೇ ಆದ ಹಾನಿ ಪೂರ್ತಿ ವಾಪಸ್ ಬರದು. ಇದನ್ನೂ ಮುಚ್ಚಿಡಲಿಲ್ಲ.

ಇನ್ನು ತಂಗಿ. ಅಪ್ಪ ಕಿಡ್ನಿ ಕೆಟ್ಟು ತೀರಿಕೊಂಡಿದ್ದರು. ದೋಷ ಅವರಿಂದಲೇ ಬಂದಿದ್ದರೆ ಹೆಣ್ಣುಮಕ್ಕಳೆಲ್ಲರಿಗೂ ಬಂದಿರುತ್ತದೆ, ಗಂಡುಮಕ್ಕಳಿಗೆ ಬರುವುದಿಲ್ಲ. ಈ ದೋಷ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಅಪ್ಪನ ಎಕ್ಸ್ ಹೋಗುವುದು ಹೆಣ್ಣುಮಕ್ಕಳಿಗೆ ಮಾತ್ರ. "ನನಗೇನೂ ಹೇಳ್ಬೇಡ ಅಕ್ಕ" ಅಂದಿದ್ದಾಳಂತೆ. ವಿಷಯ ತಲುಪಿಸುವುದು ನಿಮ್ಮ ಕೆಲಸ, ಪರೀಕ್ಷೆ ಮಾಡಿಸುವುದು ಆಕೆಯ ಇಷ್ಟ ಎಂದೆ. ಫೋನಿನಲ್ಲಿ ವಾದ ಬೇಡ. ರಿಪೋರ್ಟಿನ ಪ್ರತಿ ಜೊತೆಗಿಟ್ಟು ಒಂದು ಪತ್ರ ಬರೆಯಿರಿ, ಓದುವ ಹೊತ್ತನ್ನು ಅವಳೇ ಆರಿಸಿಕೊಳ್ಳಲಿ.

ಇವರ ಮಗನಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವನೂ ಕಾಲುರಿ ಅನ್ನುತ್ತಾನೆ. ಇಲ್ಲಿ ಮಾತ್ರ ತಡ ಬೇಡ ಎಂದು ಒತ್ತಿ ಹೇಳಿದೆ. ರಿಪೋರ್ಟ್ ಏನೇ ಬರಲಿ, ಅವನು ನೋವು ಅಂದಾಗ ಮೊದಲು ನಂಬಿ ಎಂದೆ. ಕಳೆದ ವಾರ ಅವನ ರಕ್ತ ಕೊಟ್ಟು ಬಂದಿದ್ದಾರೆ. ತಂಗಿಗೆ ಪತ್ರ ತಲುಪಿದೆ, ಉತ್ತರ ಇನ್ನೂ ಬಂದಿಲ್ಲ.