ಕಡ್ಡಿ ಫುಲ್ ಉಂಟು, ಸ್ಪೀಡ್ ಮಾತ್ರ ಎಲ್ಲಿ ಹೋಯ್ತು?

ಪ್ರಶ್ನೆ: ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರೋದು ಸರ್. 5ಜಿ ಕಡ್ಡಿ ಫುಲ್ ತೋರಿಸ್ತದೆ, ಆದ್ರೆ ಬಸ್ ಓಡುವಾಗ ವಿಡಿಯೋ ಸುತ್ತುತಾ ಇರ್ತದೆ, ಪಡುಬಿದ್ರಿಯಲ್ಲಿ ನಿಂತ್ರೆ ಸರಿಯಾಗ್ತದೆ. ಟವರ್ ನಮ್ಮ ಫೋನಿನ ಕಡೆಗೇ ಬೀಮ್ ಬಿಡ್ತದೆ ಅಂತಾಳೆ ಇಂಜಿನಿಯರಿಂಗ್ ಓದುವ ನನ್ನ ಕಸಿನ್. ಮತ್ತೆ ಹೀಗ್ಯಾಕೆ?
— ಓದುಗರೊಬ್ಬರು, ಕಾಪು

ಉತ್ತರ: ಬೀಮ್ ಬಿಡೋದು ಹೌದು ಮಾರಾಯ್ರೆ, ಆದ್ರೆ ಎಲ್ಲಿಗೆ ಬಿಡ್ಬೇಕು ಅಂತ ಟವರಿಗೆ ಸರಿಯಾಗಿ ಗೊತ್ತಿರ್ಬೇಕಲ್ಲ. ನಿಮ್ಮ ಫೋನ್ ಆಗಾಗ ಒಂದು ಪೈಲಟ್ ಸಿಗ್ನಲ್ (ಟವರಿಗೆ ಮೊದಲೇ ಗೊತ್ತಿರುವ ಗುರುತಿನ ಸಿಗ್ನಲ್) ಕಳಿಸ್ತದೆ, ಅದು ಬಿಲ್ಡಿಂಗು, ಲಾರಿ, ತೆಂಗಿನ ಮರಕ್ಕೆಲ್ಲ ಬಡಿದು ಹೇಗೆ ಬಂದು ಮುಟ್ಟಿತು ಅಂತ ನೋಡಿ ಟವರ್ ತನ್ನ ಆಂಟೆನಾಗಳ (64 ಉಂಟು ಅಂತಿಟ್ಕೊಳ್ಳಿ) ಫೇಸ್, ಅಂದ್ರೆ ಅಲೆಗಳು ಏರಿಳಿಯುವ ಹೊತ್ತನ್ನು, ಹೊಂದಿಸ್ತದೆ, ಆಗ ಎಲ್ಲ ಅಲೆಗಳೂ ನಿಮ್ಮ ಫೋನಿನ ಹತ್ರ ಬಂದು ಒಟ್ಟು ಸೇರ್ತವೆ.

ಕಷ್ಟ ಇರೋದು ಇಲ್ಲಿ. 5ಜಿ ಬಳಸುವ 3.5 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ ಅಲೆಯ ಉದ್ದ ಸುಮಾರು 8.5 ಸೆಂ.ಮೀ., ಸುತ್ತಮುತ್ತ ಬಡಿದು ಬರುವ ಸಿಗ್ನಲ್ ಜಾಸ್ತಿ ಇದ್ದಲ್ಲಿ ಫೋನ್ ಅದರ ಅರ್ಧದಷ್ಟು ಸರಿದ್ರೂ ಚಾನೆಲ್ಲೇ, ಅಂದ್ರೆ ಸಿಗ್ನಲ್ ಬಂದು ಮುಟ್ಟುವ ರೀತಿಯೇ, ಬೇರೆ ಆಗಿಬಿಡ್ತದೆ. ಗಂಟೆಗೆ 60 ಕಿ.ಮೀ. ಹೋಗುವ ಬಸ್ಸಿಗೆ ಅಷ್ಟು ಸರಿಯಲಿಕ್ಕೆ 3 ಮಿಲಿಸೆಕೆಂಡೂ ಬೇಡ. ಪೈಲಟ್ 10 ಮಿಲಿಸೆಕೆಂಡಿಗೆ ಒಮ್ಮೆ ಹೋಗ್ತದೆ ಅಂತಿಟ್ಕೊಳ್ಳಿ, ಟವರ್ ಲೆಕ್ಕ ಹಾಕಿದ್ದು ನಿನ್ನೆಯ ರೇಟಲ್ಲಿ ಇವತ್ತು ಮಲ್ಪೆ ಬಂದರಲ್ಲಿ ಬಂಗುಡೆ ಕೇಳಿದ ಹಾಗೆ.

ನೀವೊಬ್ಬರೇ ಇದ್ರೆ ಇದರಿಂದ ದೊಡ್ಡ ನಷ್ಟ ಇಲ್ಲ. ಒಂದೇ ಆಂಟೆನಾಕ್ಕೆ ಹೋಲಿಸಿದ್ರೆ 64 ಆಂಟೆನಾದಿಂದ ಸಿಗ್ನಲಿಗೆ ಸಿಗುವ ಪೂರ್ತಿ ಲಾಭ 64 ಪಟ್ಟು, ಅಂದಾಜು ತಪ್ಪಿ ಅರ್ಧ ಹೋದ್ರೂ 32 ಪಟ್ಟು ಉಳೀತದೆ. ಆದ್ರೆ ಟವರ್ ಅದೇ ಫ್ರೀಕ್ವೆನ್ಸಿಯಲ್ಲಿ ಅದೇ ಹೊತ್ತಿಗೆ ಇನ್ನೂ ನಾಲ್ಕು ಜನಕ್ಕೆ ಡೇಟಾ ಕೊಡ್ತಾ ಇರ್ತದೆ, ಅವರ ಬೀಮ್ ನಿಮ್ಮ ಫೋನಿರುವ ಜಾಗದಲ್ಲಿ ಸೊನ್ನೆ ಆಗ್ಬೇಕು. ಈ ಸೊನ್ನೆ ಮಾಡೋದು ಭಾರೀ ಸೂಕ್ಷ್ಮದ ಕೆಲಸ, ಲೆಕ್ಕ ಚೂರು ತಪ್ಪಿದ್ರೆ ಅವರದ್ದು ನಿಮಗೆ, ನಿಮ್ಮದು ಅವರಿಗೆ ಸೋರ್ತದೆ. ಪವರ್ ಜಾಸ್ತಿ ಮಾಡಿದ್ರೆ ಸೋರುವುದೂ ಅಷ್ಟೇ ಜಾಸ್ತಿ, ಹಾಗಾಗಿ ಅದರಿಂದ ಪ್ರಯೋಜನ ಇಲ್ಲ. ಕಡ್ಡಿಯನ್ನು ನಂಬ್ಬೇಡಿ, ಅದು ಸಾಮಾನ್ಯವಾಗಿ ತೋರಿಸೋದು ಟವರ್ ಎಲ್ಲರಿಗೂ ಅಂತ ಅಗಲಕ್ಕೆ ಬಿಡುವ ರೆಫರೆನ್ಸ್ (ಗುರುತಿನ) ಸಿಗ್ನಲಿನ ಬಲ, ಈ ಗಲಾಟೆ ಅದಕ್ಕೆ ಕಾಣೋದಿಲ್ಲ.

ಪೈಲಟ್ ಜಾಸ್ತಿ ಕಳಿಸ್ಬಹುದಲ್ಲ ಅಂತ ಕೇಳ್ತೀರಿ. ಕಳಿಸ್ಬಹುದು, ಆದ್ರೆ ಅದಕ್ಕೆ ಕೊಟ್ಟ ಹೊತ್ತು ಡೇಟಾಕ್ಕೆ ಸಿಗೋದಿಲ್ಲ, ಮತ್ತೆ ಪಕ್ಕದ ಟವರಿನ ಫೋನುಗಳೂ ಅದೇ ಪೈಲಟ್ ಬಳಸಿದ್ರೆ ಅಂದಾಜೇ ಕಲಬೆರಕೆ ಆಗ್ತದೆ. ಓಡುವ ಫೋನಿಗೆ ಅಗಲದ ಬೀಮ್ ಕೊಟ್ಟು, ಬೇರೆಯವರ ಜೊತೆ ಸೇರಿಸದೆ ಬಿಡೋದು ಒಂದು ಉಪಾಯ, ಸ್ಪೀಡ್ ಕಮ್ಮಿ ಆದ್ರೂ ಕಟ್ ಆಗೋದಿಲ್ಲ.

ಹಾಗಂತ ಎಲ್ಲಾ ತಪ್ಪನ್ನೂ ಬೀಮಿನ ತಲೆಗೆ ಕಟ್ಬೇಡಿ, ಬಸ್ಸಿನ ತಗಡಿನ ಬಾಡಿ ಉಂಟು, ದಾರಿಯಲ್ಲಿ ಟವರಿಂದ ಟವರಿಗೆ ಬದಲಾಗೋದೂ ಉಂಟು.