ಅರ ಹಿಡಿದ ಕೈ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವೃತ್ತಿ ತರಬೇತಿಯ ಮೇಷ್ಟ್ರುಗಳವು. ಕಲಿಯುವವರ ಪತ್ರ ಒಂದೇ ಒಂದು, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಉತ್ತರ ಕೊಡುತ್ತಿರುವ ನಾನು 31 ವರ್ಷ ಫಿಟ್ಟರ್ ವಿಭಾಗದಲ್ಲಿ ವೈಸ್ (ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಸಾಧನ) ಪಕ್ಕ ನಿಂತು ನಿವೃತ್ತನಾದವನು. ಹುಟ್ಟಾ ಎಡಚ. ಅದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಹೊಸ ಇನ್‌ಸ್ಟ್ರಕ್ಟರ್. ಫೈಲಿಂಗ್ (ಲೋಹದ ಪೀಸಿಗೆ ಅರ ಉಜ್ಜಿ ಸಮ ಮಾಡುವುದು) ಡೆಮೊ ಚೆನ್ನಾಗಿಯೇ ಮಾಡಿ ತೋರಿಸುತ್ತೇನೆ. ‘ಅರ್ಥ ಆಯ್ತಾ’ ಅಂದರೆ ಎಲ್ಲರೂ ‘ಆಯ್ತು ಸಾರ್’ ಅನ್ನುತ್ತಾರೆ. ಅರ ಕೈಗೆ ಕೊಟ್ಟರೆ ಮಾತ್ರ ಪೀಸಿನ ಎರಡೂ ಅಂಚು ಸವೆದು ನಡು ಉಬ್ಬಿರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ‘ಅರ್ಥ ಆಯ್ತಾ’ ಅಂತ ಕೇಳೋದನ್ನು ಮೊದಲು ಬಿಡಿ. ಇಪ್ಪತ್ತು ಜನರ ಎದುರಿಗೆ ‘ಇಲ್ಲ’ ಅನ್ನುವ ಧೈರ್ಯ ಯಾರಿಗಿರುತ್ತದೆ?

ನಡು ಉಬ್ಬುವುದಕ್ಕೆ ಕಾರಣ ಅರ ಏತದ ಹಾಗೆ ತೂಗುತ್ತಿರುವುದು. ತಳ್ಳಲು ಶುರು ಮಾಡಿದಾಗ ಅರದ ತುದಿ ಮಾತ್ರ ಪೀಸಿನ ಮೇಲಿರುತ್ತದೆ, ಉಳಿದದ್ದೆಲ್ಲ ಹಿಡಿಯ ಕಡೆ ಹೊರಗಿರುತ್ತದೆ. ಆಗ ಭಾರ ಮುಂದಿನ ಕೈಯಲ್ಲಿ ಜಾಸ್ತಿ ಇರಬೇಕು. ಮಧ್ಯಕ್ಕೆ ಬಂದಾಗ ಎರಡೂ ಕೈಗೆ ಸಮ. ಕೊನೆಯಲ್ಲಿ ಹಿಡಿ ಹಿಡಿದ ಕೈಗೆ ಜಾಸ್ತಿ. ವಾಪಸ್ ಎಳೆಯುವಾಗ ಒತ್ತಲೇಬಾರದು. ನಿಮ್ಮ ಕೈ ಇದನ್ನೆಲ್ಲ ತಾನೇ ಮಾಡಿಬಿಡುತ್ತದೆ. ಅದಕ್ಕೇ ನಿಮ್ಮ ಬಾಯಿಗೆ ಅದು ಬರುವುದಿಲ್ಲ. ಹುಡುಗರಿಗೆ ಕಾಣೋದು ಅರ ಹಿಂದೆ ಮುಂದೆ ಹೋಗೋದು ಮಾತ್ರ. ಭಾರ ಒಂದು ಕೈಯಿಂದ ಇನ್ನೊಂದು ಕೈಗೆ ಜಾರುವುದು ಕಣ್ಣಿಗೆ ಬೀಳುವ ವಿಷಯವೇ ಅಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಕೆಲಸವೇ ಗೊತ್ತಿಲ್ಲದ ಜನ ಲಕ್ಷಗಟ್ಟಲೆ ಬಂದು ಸೇರಿದರು. ಅವರಿಗೆ ಬೇಗ ಕಲಿಸಲು 1940ರಿಂದ 1945ರವರೆಗೆ ಸರ್ಕಾರವೇ ಒಂದು ಕಾರ್ಯಕ್ರಮ ನಡೆಸಿತು. ಮೇಸ್ತ್ರಿಗಳಿಗೆ ಕಲಿಸುವುದನ್ನು ಕಲಿಸುವ ಕಾರ್ಯಕ್ರಮ ಅದು. ಕಲಿಯುವವನು ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಅನ್ನುವುದು ಅವರ ಘೋಷವಾಕ್ಯ. ಓದಿದಾಗ ನನಗೆ ಸಿಟ್ಟೇ ಬಂದಿತ್ತು! ಆದರೆ ಅವರ ಒಂದು ಅಭ್ಯಾಸವನ್ನು ಕದ್ದುಕೊಂಡೆ. ಪಾಠಕ್ಕೆ ಮೊದಲು ಆ ಕೆಲಸವನ್ನು ಒಬ್ಬರೇ ನಿಧಾನವಾಗಿ ಮಾಡಿ. ಏನು ಮಾಡಿದೆ, ಎಲ್ಲಿ ಹುಷಾರಾಗಿರಬೇಕು, ಯಾಕೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಹುಡುಗನ ಕೈಲಿ ಮಾಡಿಸಿ. ಎರಡನೇ ಸಲ ಮಾಡುವಾಗ ಅವನೇ ಬಾಯಿಬಿಟ್ಟು ಹೇಳಲಿ: ‘ಈಗ ಮುಂದಿನ ಕೈ ಒತ್ತುತ್ತೀನಿ, ಈಗ ಸಮ, ಈಗ ಹಿಂದಿನ ಕೈ.’ ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿ ಪಾಠ ಹತ್ತಿಲ್ಲ ಅಂತ ಲೆಕ್ಕ.

ಇನ್ನೊಂದು ಮಾತು. ನೀವು ಬಲಗೈಯವರಾದರೆ ಡೆಮೊ ಹೊತ್ತಿನಲ್ಲಿ ಹುಡುಗರನ್ನು ಎದುರಿಗೆ ನಿಲ್ಲಿಸಬೇಡಿ. ಅವರಿಗೆ ಎಲ್ಲವೂ ತಿರುಗಾಮುರುಗಾ ಕಾಣುತ್ತದೆ. ನಿಮ್ಮ ಭುಜದ ಹಿಂದೆ ಬಂದು ನೋಡಲಿ. ನನಗೆ ಈ ತೊಂದರೆ ಇರಲಿಲ್ಲ. ಎಡಚನ ಎದುರು ನಿಂತ ಬಲಗೈಯವನಿಗೆ ಅದು ಕನ್ನಡಿ ನೋಡಿದ ಹಾಗೆ.

ಪ್ರಶ್ನೆ: ನಮ್ಮಲ್ಲಿ ಪರೀಕ್ಷೆ ಪೀಸುಗಳಿಗೆ ಮೇಷ್ಟ್ರೇ ಕೊನೆಯ ಕೈ ಹಾಕಿ ಕೊಡುವುದು ರೂಢಿ. ಮಕ್ಕಳು ಫೇಲಾಗಬಾರದಲ್ಲ, ಇದರಲ್ಲಿ ತಪ್ಪೇನು?

ಉತ್ತರ: ನಾನೂ ಮಾಡಿದವನೇ, ಅದಕ್ಕೇ ಹೇಳುತ್ತೇನೆ. ಒಂದು ವರ್ಷ ಪರೀಕ್ಷೆಗೆ ಮುಂಚೆ ಎಂಟೋ ಒಂಬತ್ತೋ ಪೀಸು ನಾನೇ ಅರ ಹಾಕಿ ಸರಿ ಮಾಡಿಟ್ಟಿದ್ದೆ. ಅಳತೆಯೆಲ್ಲ ಪಕ್ಕಾ. ಹೊರಗಿನಿಂದ ಬಂದ ಪರೀಕ್ಷಕರು ಅಳತೆಯ ವರ್ನಿಯರ್ ತೆಗೆಯಲೇ ಇಲ್ಲ. ಪೀಸುಗಳನ್ನೆಲ್ಲ ಕಿಟಕಿಯ ಹತ್ತಿರ ಸಾಲಾಗಿ ಇಟ್ಟು ಬಗ್ಗಿ ನೋಡಿದರು. ಅರದ ಗೆರೆ ಓರೆಯಾಗಿ ಬೀಳುತ್ತದಲ್ಲ, ಬಲಗೈಯವರದ್ದು ಒಂದು ಕಡೆಗೆ ವಾಲಿದರೆ ಎಡಗೈಯವರದ್ದು ಇನ್ನೊಂದು ಕಡೆಗೆ. ‘ಏನ್ ಸ್ವಾಮಿ, ನಿಮ್ಮ ಕ್ಲಾಸಲ್ಲಿ ಇಷ್ಟೊಂದು ಎಡಚರಾ?’ ಅಂದರು. ಅಷ್ಟೇ. ಬರವಣಿಗೆಯಲ್ಲಿ ಏನೂ ಹಾಕಲಿಲ್ಲ. ನಾನು ಆವತ್ತು ಊಟ ಮಾಡಲಿಲ್ಲ.

ಕೈ ಹಾಕಬೇಕು ಅನ್ನಿಸಿದಾಗಲೆಲ್ಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುವುದನ್ನು ಆಮೇಲೆ ರೂಢಿ ಮಾಡಿಕೊಂಡೆ. ಹುಡುಗನ ಕೈಗೆ ಟ್ರೈ ಸ್ಕ್ವೇರ್ (ಮೂಲೆ ನೇರ ಇದೆಯಾ ನೋಡುವ ಮೂಲೆಮಟ್ಟ) ಕೊಟ್ಟು, ಬೆಳಕಿಗೆ ಹಿಡಿದು ‘ಬೆಳಕು ಎಲ್ಲಿ ತೂರುತ್ತಿದೆ ಹೇಳು’ ಅನ್ನಿ. ಅವನ ತಪ್ಪು ಅವನ ಕಣ್ಣಿಗೇ ಬೀಳಬೇಕು. ಹಾಳಾದ ಪೀಸನ್ನು ಗುಜರಿಗೆ ಎಸೆಯಬೇಡಿ. ತಾರೀಕು ಗೀಚಿ ಇಟ್ಟುಕೊಳ್ಳಲು ಹೇಳಿ. ಮೂರು ತಿಂಗಳಾದ ಮೇಲೆ ಮೊದಲನೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನೀವು ಹಾಕುವ ಅಂಕಕ್ಕಿಂತ ಜಾಸ್ತಿ ಅದೇ ಹೇಳುತ್ತದೆ.

ಪ್ರಶ್ನೆ: ತಿಂಗಳುಗಟ್ಟಲೆ ಅದೇ ಕಬ್ಬಿಣದ ತುಂಡಿಗೆ ಅರ ಹಾಕಿಸಿದರೆ ಹುಡುಗರಿಗೆ ಬೇಸರ ಬರುತ್ತದೆ. ಬೇರೆ ದಾರಿ ಇದೆಯಾ?

ಉತ್ತರ: ಇದು ನೂರೈವತ್ತು ವರ್ಷದ ಹಳೇ ಜಗಳ. 1868ರ ಸುಮಾರಿಗೆ ಮಾಸ್ಕೋದ ತಾಂತ್ರಿಕ ಶಾಲೆಯಲ್ಲಿ ವಿಕ್ಟರ್ ಡೆಲ್ಲಾ ವೋಸ್ ಎಂಬುವವರು ಪ್ರತಿ ಕಸುಬನ್ನೂ ಬಿಡಿಸಿ ಸಣ್ಣ ಸಣ್ಣ ಅಭ್ಯಾಸಗಳನ್ನಾಗಿ ಮಾಡಿದರು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಆ ಪೀಸುಗಳನ್ನು ನೋಡಿ ಅಮೆರಿಕದವರು ಮರುಳಾದರು. ನಾವು ಇವತ್ತಿಗೂ ಕೊಡುವ ತುಂಡು ಆ ಮನೆತನದ್ದೇ. ಅದೇ ಕಾಲಕ್ಕೆ ಸ್ವೀಡನ್ನಿನ ಒಟ್ಟೊ ಸಾಲೊಮನ್ ಮರಗೆಲಸ ಕಲಿಸುತ್ತಿದ್ದರು. ಮಗು ಮಾಡುವುದು ಬಳಕೆಗೆ ಬರುವ ವಸ್ತುವೇ ಆಗಿರಬೇಕು ಅನ್ನುವುದು ಅವರ ಹಟ.

ನನ್ನ ಓಟು ಸಾಲೊಮನ್‌ಗೆ, ಆದರೆ ಪೂರ್ತಿ ಅಲ್ಲ. ಮೊದಲ ಎರಡು ವಾರ ತುಂಡು ಬೇಕೇ ಬೇಕು, ಕೈ ಕೂರಬೇಕಲ್ವಾ? ಆಮೇಲೆ ಅವರವರ ಕ್ಯಾಲಿಪರ್, ಅವರವರ ಸಣ್ಣ ಕ್ಲ್ಯಾಂಪ್ ಅವರೇ ಮಾಡಿಕೊಳ್ಳಲಿ. ತಾನು ಮಾಡಿದ ಕ್ಲ್ಯಾಂಪಿನ ಬಾಯಿ ಸೊಟ್ಟಗಿದ್ದರೆ ಮುಂದಿನ ಕೆಲಸದಲ್ಲಿ ಪೀಸು ಜಾರುತ್ತದೆ. ಆಗ ನೀವು ಬೈಯುವ ಅಗತ್ಯವೇ ಬರುವುದಿಲ್ಲ.

ಪ್ರಶ್ನೆ: ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಥಿಯರಿ ತೆಗೆದುಕೊಳ್ಳುತ್ತೇನೆ. ಓಮ್ಸ್ ಲಾ (ವೋಲ್ಟ್, ಕರೆಂಟ್, ಪ್ರತಿರೋಧಗಳ ಸಂಬಂಧ ಹೇಳುವ ಸೂತ್ರ) ಬೋರ್ಡಿಗೆ ಬರೆಯುವಷ್ಟರಲ್ಲಿ ಅರ್ಧ ಕ್ಲಾಸು ನಿದ್ದೆ.

ಉತ್ತರ: ನಿಮ್ಮ ವಿಷಯ ನನ್ನದಲ್ಲ. ಆದರೆ ಪಕ್ಕದ ವಿಭಾಗದ ಗೆಳೆಯರೊಬ್ಬರು ಮಾಡುತ್ತಿದ್ದದ್ದನ್ನು ಹೇಳುತ್ತೇನೆ. ಮೇಜಿನ ಮೇಲೆ 40 ವ್ಯಾಟಿನದೊಂದು, 100 ವ್ಯಾಟಿನದೊಂದು ಹಳೇ ಫಿಲಮೆಂಟ್ ಬಲ್ಬು. ಎರಡನ್ನೂ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಜೋಡಿಸಿರುತ್ತಿದ್ದರು. ಸ್ವಿಚ್ ಹಾಕುವ ಮುಂಚೆ, ಯಾವುದು ಜಾಸ್ತಿ ಉರಿಯುತ್ತದೆ ಅಂತ ಎಲ್ಲರೂ ಚೀಟಿಯಲ್ಲಿ ಬರೆಯಬೇಕು. ಹೆಚ್ಚುಕಮ್ಮಿ ಎಲ್ಲರೂ 100 ಅಂತಲೇ ಬರೆಯೋರು. ಸ್ವಿಚ್ ಹಾಕಿದರೆ 40ರದ್ದು ಉರಿಯುತ್ತದೆ, 100ರದ್ದು ಸುಮ್ನೆ ಕೆಂಪಗೆ ಕೂತಿರುತ್ತದೆ. ಆಗ ನೋಡಬೇಕು ಕ್ಲಾಸಿನ ಗದ್ದಲ! 230 ವೋಲ್ಟಿನಲ್ಲಿ ಪೂರ್ತಿ ಉರಿಯುವಾಗ 40ರ ಬಲ್ಬಿನ ಪ್ರತಿರೋಧ ಸುಮಾರು 1,320 ಓಮ್, 100ರದ್ದು 529. ಸೀರೀಸ್‌ನಲ್ಲಿ ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಹಾಗಾಗಿ ಪ್ರತಿರೋಧ ಜಾಸ್ತಿ ಇರುವಲ್ಲಿ ಬಿಸಿಯೂ ಜಾಸ್ತಿ. ಸೂತ್ರ ಬರೆಯಿರಿ ಅಂತ ಅವರೇ ನಿಮ್ಮನ್ನು ಕೇಳುತ್ತಾರೆ.

ಚೀಟಿ ಮಾತ್ರ ಬಿಡಬೇಡಿ. ಬರೆಯದೇ ಇದ್ದವನು ಆಮೇಲೆ ‘ನಂಗೆ ಗೊತ್ತಿತ್ತು’ ಅನ್ನುತ್ತಾನೆ.

ಪ್ರಶ್ನೆ: ಸ್ಮಾರ್ಟ್ ಬೋರ್ಡ್ ತರಿಸಿದರೆ ಕಲಿಕೆಯ ಗುಣಮಟ್ಟ ಏರುತ್ತದೆಯೇ?

ಉತ್ತರ: ಇರುವ ವೈಸುಗಳ ದವಡೆ ಸರಿಯಾಗಿ ಕೂರುತ್ತದೆಯಾ ನೋಡಿ. ಎಲ್ಲಾ ಕೂರುತ್ತಿದ್ದರೆ ಬೋರ್ಡ್ ತರಿಸಿ.

ಪ್ರಶ್ನೆ: ಸಾರ್, ನಾನು ಎಡಚ. ಬಲಗೈಯಲ್ಲೇ ಹಿಡಿ ಅಂತ ನಮ್ಮ ಮೇಷ್ಟ್ರು ಗದರುತ್ತಾರೆ. ಎಲ್ಲರಿಗಿಂತ ಹಿಂದೆ ಬಿದ್ದಿದ್ದೇನೆ.

ಉತ್ತರ: ನಿನ್ನ ಪತ್ರ ಎರಡು ಸಲ ಓದಿದೆ, ಮಗಾ. ಅರಕ್ಕೆ ಎಡ ಬಲ ಇಲ್ಲ, ಹ್ಯಾಕ್ಸಾಗೂ ಇಲ್ಲ. ತಗಡು ಕತ್ತರಿಯಲ್ಲಿ ಇದೆ, ಎಡಗೈಯವರದ್ದು ಬೇರೆ ಸಿಗುತ್ತದೆ, ಅದನ್ನು ಕೇಳಿ ತರಿಸಿಕೋ. ಹಿಡಿ ಎಡಗೈಯಲ್ಲಿ ಹಿಡಿದಾಗ ಬಲಗಾಲು ಮುಂದಿರಲಿ. ನೀನು ತಡವರಿಸುತ್ತಿರುವುದು ಬಹುಶಃ ಕಾಲಿನ ವಿಷಯದಲ್ಲೇ. ಮೇಷ್ಟ್ರು ತೋರಿಸುವ ಹಾಗೆ ಕಾಲಿಟ್ಟು, ನಿನ್ನ ಕೈಯಲ್ಲಿ ಅರ ಹಿಡಿದರೆ ಮೈ ತಿರುಚಿಕೊಳ್ಳುತ್ತದೆ. ವೈಸಿನ ದವಡೆ ನಿನ್ನ ಮೊಣಕೈ ಎತ್ತರಕ್ಕೆ ಬರುತ್ತದಾ ನೋಡು, ಇಲ್ಲದಿದ್ದರೆ ಕಾಲ ಕೆಳಗೆ ಹಲಗೆ ಹಾಕಿಕೋ. ಡೆಮೊ ಇರುವಾಗ ಬೇರೆಯವರೆಲ್ಲ ಭುಜದ ಹಿಂದೆ ನಿಂತರೂ ನೀನು ಮೇಷ್ಟ್ರ ಎದುರಿಗೇ ನಿಲ್ಲು. ಗದರಿದರೆ ಈ ಪುಟ ತೋರಿಸು.