ತಟ್ಟೆಯಲ್ಲಿ ಬೆಳೆಸಿದ ಶ್ವಾಸಕೋಶ ನಂಬಬಹುದಾ?

ಪ್ರಶ್ನೆ: ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಟೊಮೆಟೊಗೆ ಅಂಗಮಾರಿ ಬಂದರೆ ಮೂಗಿಗೆ ಟವೆಲ್ ಕಟ್ಟಿಕೊಂಡು ಔಷಧಿ ಹೊಡೆಯುತ್ತೇನೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವ ಮಗಳು, ಇಂಥ ಔಷಧಿಗಳನ್ನು ಈಗ ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೂ ಪರೀಕ್ಷಿಸುತ್ತಾರೆ ಅಂದಳು. ತಟ್ಟೆಯಲ್ಲಿರುವ ಜೀವಕೋಶ ಉಸಿರಾಡುವುದಿಲ್ಲ ಅಲ್ವಾ? ಅದನ್ನು ನಂಬುವುದು ಹೇಗೆ? ಟವೆಲ್ ಸಾಕಾ?

ಉತ್ತರ: ಉಸಿರಾಡುವುದಿಲ್ಲ, ನಿಜ. ಆದರೆ ಅದಕ್ಕೆ ಗಾಳಿ ತಾಗುತ್ತದೆ. ಗುಟ್ಟು ಇರುವುದೇ ಅಲ್ಲಿ.

ದ್ರವದಲ್ಲಿ ಮುಳುಗಿಸಿ ಬೆಳೆಸಿದರೆ ಶ್ವಾಸನಾಳದ ಕೋಶಗಳು ಬದುಕುತ್ತವೆ, ಆದರೆ ತಮ್ಮ ಕಸುಬು ಮರೆಯುತ್ತವೆ. ಹಾಗಾಗಿ ಸಣ್ಣ ಸಣ್ಣ ತೂತುಗಳಿರುವ ಪೊರೆಯ ಮೇಲೆ ಮನುಷ್ಯರ ಕೋಶಗಳನ್ನೇ ಹರಡುತ್ತಾರೆ. ಕೆಳಗೆ ಪೋಷಕ ದ್ರವ, ಮೇಲೆ ಬರೀ ಗಾಳಿ. ನಿಮ್ಮ ಗದ್ದೆಯ ಭತ್ತದ ಹಾಗೇ: ಬುಡಕ್ಕೆ ನೀರು, ತಲೆಗೆ ಗಾಳಿ. ಮೂರು ನಾಲ್ಕು ವಾರದಲ್ಲಿ ಕೋಶಗಳು ಲೋಳೆ ಸುರಿಸುತ್ತವೆ. ಮೇಲೆ ರೋಮಗಳು ಮೂಡಿ ಬಡಿಯತೊಡಗುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಗಾಳಿಗೆ ತೂಗುವ ಪೈರೇ ಸರಿ!

ಇದರ ಮೇಲೆ ಔಷಧಿ ಬಿಟ್ಟು ಕಾಯುತ್ತಾರೆ. ಆಮೇಲೆ ಸಣ್ಣ ವಿದ್ಯುತ್ ಹರಿಸಿ ನೋಡುತ್ತಾರೆ. ಪದರ ಗಟ್ಟಿಯಿದ್ದರೆ ಕರೆಂಟಿಗೆ ತಡೆ ಜಾಸ್ತಿ. ಬಿರುಕು ಬಿಟ್ಟಿದ್ದರೆ ಕರೆಂಟು ಸಲೀಸಾಗಿ ದಾಟುತ್ತದೆ. ಸತ್ತ ಕೋಶಗಳಿಂದ ಸೋರಿದ ಕಿಣ್ವವನ್ನೂ ಅಳೆಯುತ್ತಾರೆ.

ಇದಕ್ಕಿಂತ ಇಲಿಗಳ ಮೇಲೆ ಮಾಡುವ ಪರೀಕ್ಷೆಯೇ ಮೇಲು ಅನ್ನುವವರಿಗೆ ಒಂದು ಮಾತು. ಇಲಿ ಮೂಗಿನಿಂದ ಮಾತ್ರ ಉಸಿರಾಡುತ್ತದೆ, ಅದರ ಮೂಗಿನ ದಾರಿ ನಮ್ಮದಕ್ಕಿಂತ ಸುರುಳಿ ಸುರುಳಿ. ನಾವೋ, ಪಂಪು ಹೊತ್ತು ಏದುಸಿರು ಬಂದರೆ ಬಾಯಿ ತೆರೆಯುತ್ತೇವೆ. ಹನಿಗಳು ಕೂರುವ ಜಾಗವೇ ಬೇರೆಯಾಗುತ್ತದೆ. ಅಂಗಮಾರಿಗೆ ಹೊಡೆಯುವ ಕ್ಲೋರೋಥಲೋನಿಲ್ ವಿಷಯದಲ್ಲಿ ಇಂಥ ಕೋಶಗಳ ಪರೀಕ್ಷೆಯನ್ನೇ ಬಳಸಿ ಅಪಾಯ ಲೆಕ್ಕ ಹಾಕುವ ಪ್ರಸ್ತಾವವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ತಜ್ಞರ ಸಮಿತಿಯ ಮುಂದಿಟ್ಟಿತು.

ಹಾಗಂತ ಪೂರ್ತಿ ನಂಬಿ ಅನ್ನಲಾರೆ. ತಾಗಿದ ಜಾಗದಲ್ಲೇ ಸುಡುವ ವಿಷವನ್ನು ತಟ್ಟೆ ಚೆನ್ನಾಗಿ ಹಿಡಿಯುತ್ತದೆ. ರಕ್ತಕ್ಕೆ ಸೇರಿ ನರಕ್ಕೋ ಲಿವರಿಗೋ ಹೋಗುವ ವಿಷ ಅದರ ಕೈಗೆ ಸಿಗುವುದಿಲ್ಲ. ಹತ್ತು ವರ್ಷ ಹೊಡೆದವರ ಎದೆ ಏನಾಗುತ್ತದೆ ಅನ್ನುವುದೂ ಅಷ್ಟೇ.

ಇನ್ನು ಟವೆಲ್. ಸಾಲದು. ಸಣ್ಣ ಹನಿಗಳು ನೂಲಿನ ಸಂದಿಯಲ್ಲೇ ನುಗ್ಗುತ್ತವೆ. ಒದ್ದೆಯಾದ ಮೇಲಂತೂ ಔಷಧಿಯನ್ನು ಮೂಗಿಗೇ ಅಂಟಿಸಿಕೊಂಡ ಹಾಗೆ. ಡಬ್ಬದ ಲೇಬಲ್ಲಿನಲ್ಲಿ ಹೇಳಿದ ಮಾಸ್ಕ್ ತನ್ನಿ, ಗಾಳಿಗೆ ಬೆನ್ನು ಮಾಡಿ ಹೊಡೆಯಿರಿ.